ಒರಳುಕಲ್ಲಿನ ಮನೆಯ ಪೀಠ

ಹುಣಸೆಹಣ್ಣಿಗೆ ಒಲೆಯ ಬೂದಿ ಬೆರೆಸಿ ಮನೆಯ ತಂಬಿಗೆಯ ಕಂಠವನ್ನು ಉಜ್ಜುತ್ತಿದ್ದೆ. ನೀಲಿ ಹಿಂದಿನಿಂದ ಬಂದು ಬೆನ್ನಿಗೆ ಜೋತುಬಿದ್ದಳು. "ಅವ್ವಾ, ನೆನ್ನೆಗಿಂತ ಜಾಸ್ತಿ ಅಲ್ಲಾಡ್ತೈತೆ, ನೋಡು." ನನ್ನ ಕೈಯೆಲ್ಲ ಬೂದಿ. ಅವಳೇ ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ಕೆಳಸಾಲಿನ ಮುಂದಿನ ಹಲ್ಲನ್ನು ನಾಲಗೆಯ ತುದಿಯಿಂದ ನೂಕಿ ತೋರಿಸಿದಳು. ಹಲ್ಲು ಸಡಿಲ ಚಿಲಕದ ಹಾಗೆ ಹಿಂದೆ ಮುಂದೆ ಆಡಿತು. "ದೊಡ್ಡತಾಯಜ್ಜಿ ಬೆರಳಿಟ್ಟು ನೋಡಿದ್ಲು. ಇನ್ನು ನಾಕೇ ದಿನವಂತೆ. ಅಷ್ಟರೊಳಗೆ ಎಲ್ಲಾ ಮಾತಾಡಿ ಮುಗಿಸ್ಬುಡು ಅಂದ್ಲು. ಎಲ್ಲಾ ಅಂದ್ರೆ ಎಷ್ಟವ್ವಾ?" ನಾನು ತಂಬಿಗೆಯನ್ನು ಮಡಿಲಿಗೆ ಒತ್ತಿಕೊಂಡು ಅವಳ ಮೂಗಿನ ತುದಿಗೆ ಒಂದು ಬೊಟ್ಟು ಬೂದಿ ಇಟ್ಟೆ. ಅವಳು ನಕ್ಕಳು. ಉತ್ತರ ಕೊಡಲು ನನ್ನಲ್ಲಿ ದನಿಯಿರಲಿಲ್ಲ. ನಮ್ಮ ಮನೆಯ ದನಿ ಆ ಹೊತ್ತಿಗೆ ಆನೆಕೊಟ್ಟಿಗೆಯಲ್ಲಿ ಕುಳಿತು ದೇಶಕ್ಕೆ ಕಟ್ಟಳೆ ಬರೆಯುತ್ತಿತ್ತು.

ನಮ್ಮಲ್ಲಿ ಮನೆಗೊಂದೇ ದನಿ. ಮನೆಯ ತಂಬಿಗೆಯಿಂದ ಕಡೆಯದಾಗಿ ಯಾರು ನೀರು ಕುಡಿದರೋ ದನಿ ಅವರದು. ಇನ್ನೊಬ್ಬರು ಕುಡಿಯುವವರೆಗೂ ಅವರದೇ. ಹಾಲುಹಲ್ಲಿನ ಮಕ್ಕಳಿಗೆ ಮಾತ್ರ ಈ ಕಟ್ಟಿಲ್ಲ. ಅವು ಹುಟ್ಟುವಾಗ ತಂದುಕೊಂಡದ್ದನ್ನು ಬೀದಿ ತುಂಬ ಚೆಲ್ಲಾಡಿಕೊಂಡು ಓಡಾಡುತ್ತವೆ. ಮೊದಲ ಹಲ್ಲು ಬಿದ್ದ ದಿನ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಮಾಡಿನ ಮೇಲಕ್ಕೆ ಎಸೆಯುತ್ತೇವೆ. ಅವತ್ತು ದೀಪ ಹಚ್ಚುವ ಹೊತ್ತಿಗೆ ಮಗು ಸುಮ್ಮನಾಗಿರುತ್ತದೆ. ಗಂಡುಮಕ್ಕಳಾದರೆ ದೊಡ್ಡವರಾಗಿ ಬೇರೆ ಒಲೆ ಹೂಡಿದಾಗ ತಮ್ಮದೊಂದು ತಂಬಿಗೆ ಬರುತ್ತದೆ. ಹೆಣ್ಣುಮಕ್ಕಳು ಒಂದು ತಂಬಿಗೆಯ ಮನೆಯಿಂದ ಇನ್ನೊಂದು ತಂಬಿಗೆಯ ಮನೆಗೆ ಹೋಗುತ್ತಾರೆ.

ಹೀಗಿದ್ದೂ ಸಂಸಾರ ನಡೆಯುತ್ತದೆ. ನನ್ನ ಅತ್ತೆ ಅಡಿಕೆ ಕುಟ್ಟುವ ಪುಟ್ಟ ಒರಳಿನಿಂದಲೇ ಮನೆಯನ್ನೆಲ್ಲ ಆಳುತ್ತಾರೆ. ಒಂದು ಕುಟ್ಟಿದರೆ ನೀರು ಬೇಕು. ಎರಡು ಕುಟ್ಟಿದರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ. ಬಿಡದೆ ಕುಟ್ಟಿದರೆ ನನ್ನ ಅಡುಗೆ ಸೀಯುತ್ತಿದೆ. ಒಲೆಯ ಪಕ್ಕದಲ್ಲಿ ನನ್ನದೊಂದು ಹಲಗೆ, ಬಳಪ ಇವೆ. ಹಲಗೆಯ ಮೇಲೆ ಉಪ್ಪು, ಮೆಣಸು, ಹೆಸರುಬೇಳೆ ಬರೆಯಬಹುದು. ಸಿಟ್ಟನ್ನು ಬರೆದು ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ. ಪಕ್ಕದ ಮನೆಯ ದೊಡ್ಡತಾಯಮ್ಮ ಮಾತ್ರ ನಮ್ಮ ಬೀದಿಗೆ ಬೇರೆ ಥರದವರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ. ಇಡೀ ಒಂದು ದನಿ, ದಿನದ ಮೂರು ಹೊತ್ತೂ ಅವರ ಪಾಲಿಗೆ. ಜನ ಅವರನ್ನು ಕಂಡು ಪಾಪ ಅನ್ನುತ್ತಾರೆ. ಹಾಗನ್ನುವಾಗ ಹೆಂಗಸರ ಕಣ್ಣಲ್ಲಿ ಇನ್ನೇನೋ ಇರುತ್ತದೆ.

ದೊರೆ ಇದ್ದ ಕಾಲದಲ್ಲಿ, ಅವನಿಗೆ ಆಗದ ಮಾತಾಡಿದವರ ಮನೆಗೆ ಅರಮನೆಯ ಆಳುಗಳು ಬಂದು ತಂಬಿಗೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಹೊರಗಿನವರ ಕೈ ಸೇರಿದ ತಂಬಿಗೆಯ ದನಿ ಕಡೆಗೆ ಕುಡಿದವರಲ್ಲೂ ಉಳಿಯುವುದಿಲ್ಲ. ನನ್ನ ಗಂಡ ಶಿವನಂಜಯ್ಯ ಶಾಲೆಯ ಮೇಷ್ಟ್ರು. ಕೆರೆಯ ತೂಬು ಅರಮನೆಯ ತೋಟದ ಕಡೆಗೆ ಮಾತ್ರ ಯಾಕೆ ತೆರೆಯುತ್ತದೆ ಎಂದು ಬೀದಿಯಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದ್ದರು. ಮಾರನೆಯ ದಿನ ನಮ್ಮ ತಂಬಿಗೆ ಅರಮನೆಯ ಉಗ್ರಾಣ ಸೇರಿತು. ನಾಲ್ಕು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ದನಿಯಿರಲಿಲ್ಲ.

ಹೇಳಿದರೆ ತಪ್ಪು ತಿಳಿಯುತ್ತಾರೇನೋ, ನನ್ನ ಬಾಳಿನ ಒಳ್ಳೆಯ ದಿನಗಳು ಅವು. ಇಬ್ಬರಿಗೂ ಇಲ್ಲವೆಂದ ಮೇಲೆ ಇಬ್ಬರೂ ಒಂದೇ ಆದೆವು. ಅವರು ನನ್ನ ಹುಬ್ಬು ಓದುವುದನ್ನು ಕಲಿತರು. ಎಡಹುಬ್ಬು ಏರಿದರೆ ನಂಬಿಕೆಯಿಲ್ಲ. ಕೆಳದುಟಿ ಕಚ್ಚಿದರೆ ಆಮೇಲೆ ಹೇಳುತ್ತೇನೆ. ನಾನು ಅವರ ಬೆರಳುಗಳನ್ನು ಓದಿದೆ. ಒಂದು ಸಂಜೆ ಜಗಲಿಯ ಮೇಲೆ ಅವರು ನನ್ನ ಅಂಗೈಯಲ್ಲಿ ಒಂದು ತಂಬಿಗೆ ಬರೆದರು. ಅದರ ಸುತ್ತ ಅತ್ತೆಗೊಂದು, ನನಗೊಂದು, ಅವರಿಗೊಂದು, ತೊಟ್ಟಿಲಲ್ಲಿದ್ದ ನೀಲಿಗೊಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನೆಲ್ಲ ಸೇರಿಸಿ ಒಂದು ಸುತ್ತು ಎಳೆದರು. ತಂಬಿಗೆ ವಾಪಸು ಬಂದರೆ ಸರದಿಯಲ್ಲಿ ಕುಡಿಯೋಣ ಅಂತ. ಆ ಸುತ್ತಿನ ಕಚಗುಳಿ ಈಗಲೂ ಅಂಗೈಯಲ್ಲಿದೆ. ನೀಲಿಗೆ ಜೋಗುಳ ಹಾಡುವವರು ಯಾರೂ ಇರಲಿಲ್ಲ, ಅದೊಂದು ನೋವು. ಅವಳು ಮಾತು ಕಲಿತದ್ದೆಲ್ಲ ಗೋಡೆಯಾಚೆಯ ದೊಡ್ಡತಾಯಮ್ಮನಿಂದ. ಹಾಗಾಗಿ ಮೂರು ವರ್ಷದ ಕೂಸು "ಅಯ್ಯೋ ಶಿವನೇ, ನನ್ ಸೊಂಟ" ಎಂದುಕೊಂಡೇ ಏಳುತ್ತಿತ್ತು.

ದೊರೆ ಓಡಿಹೋದ ದಿನ ಉಗ್ರಾಣದ ಬಾಗಿಲು ಮುರಿದು ತಂಬಿಗೆಗಳನ್ನು ಗಾಡಿಯಲ್ಲಿ ಹೇರಿ ತಂದರು. ಬೀದಿಬೀದಿಯಲ್ಲಿ ಹೆಂಗಸರು ಕೊಳೆ ಹಿಡಿದ ತಾಮ್ರದ ರಾಶಿಯಲ್ಲಿ ತಮ್ಮ ತಮ್ಮ ಮನೆಯದನ್ನು ಹುಡುಕುತ್ತಿದ್ದರು. ನಮ್ಮದನ್ನು ಅದರ ಹೊಟ್ಟೆಯ ತಗ್ಗಿನಿಂದ ಗುರುತಿಸಿ ತಂದೆ. ಉಜ್ಜಿ, ತೊಳೆದು, ನೀರು ತುಂಬಿಸಿದೆ. ನನ್ನ ಗಂಡ ಎರಡೂ ಕೈಯಲ್ಲಿ ಅದನ್ನು ಹಿಡಿದು ಮೊದಲು ನನ್ನ ಕಡೆಗೇ ಚಾಚಿದರು. ಇದನ್ನು ನಾನು ಮರೆಮಾಚಬಾರದು. ಹೊರಗೆ ಇನ್ನೂರು ಜನ ಅವರ ಮಾತಿಗಾಗಿ ಕಾಯುತ್ತಿದ್ದರು. ನಾನೇ ತಂಬಿಗೆಯನ್ನು ಅವರ ಕಡೆಗೆ ತಳ್ಳಿದೆ. ಅವರು ಕುಡಿದು ಹೊರಗೆ ಹೋದರು. ಮೂರು ದಿನ ಬಿಟ್ಟು ಮನೆಗೆ ಬಂದರು. ಅಷ್ಟರಲ್ಲಿ ಅವರು ಸಂವಿಧಾನ ಸಭೆಯ ಸದಸ್ಯರಾಗಿದ್ದರು.

ಊರೊಂದು, ಸುತ್ತ ಹನ್ನೆರಡು ಹಳ್ಳಿ. ಇಷ್ಟೇ ನಮ್ಮ ಗಣರಾಜ್ಯ. ಇದಕ್ಕೊಂದು ಸಂವಿಧಾನ ಬರೆಯಲು ಮೂರು ವರ್ಷ ಬೇಕೇ ಎಂದು ಜನ ನಗುತ್ತಿದ್ದರು. ಅರಮನೆಯ ಮಹಲಿನಲ್ಲಿ ಕೂರುವುದು ಬೇಡವೆಂದು ಸಭೆ ಆನೆಕೊಟ್ಟಿಗೆಯಲ್ಲಿ ಸೇರುತ್ತಿತ್ತು. ಮೂವತ್ತಮೂರು ಪೀಠ. ಆನೆ ಹೋಗಿ ಮೂರು ವರ್ಷವಾದರೂ ಅದರ ವಾಸನೆ ಹೋಗಿರಲಿಲ್ಲ. ಮೊದಲ ಸಾಲು "ನಾವು, ಈ ನಾಡಿನ ಜನ" ಎಂದಿರಬೇಕೋ "ನಾವು, ಈ ನಾಡಿನ ದನಿಗಳು" ಎಂದಿರಬೇಕೋ ಎಂಬುದರ ಮೇಲೆಯೇ ಒಂದು ಬೇಸಿಗೆ ಕಳೆಯಿತು. ಎಣ್ಣೆಗಾಣದ ಗುರುಬಸಪ್ಪನವರು ಜನ ಎಂಬ ಪದವನ್ನು ಒಪ್ಪಲೇ ಇಲ್ಲ. "ಜನ ಅಂದ್ರೆ ಯಾರ್ರೀ? ತೊಟ್ಟಿಲಲ್ಲಿರೋದೂ ಜನ, ಒಲೆ ಮುಂದೆ ಇರೋದೂ ಜನ. ಕಟ್ಟಳೆ ಅನ್ನೋದು ಮಾತಾಡೋರಿಗೆ," ಅಂದರಂತೆ. ಪೀಠಗಳಿಗೆ ಚೀಟಿ ಅಂಟಿಸುವಾಗಲೂ ಅವರದೇ ಹಟ ಗೆದ್ದಿತು. ಆಳಿನ ಹೆಸರು ಬೇಡ, ಮನೆಯ ಹೆಸರು ಸಾಕು ಎಂದರು. ಗಾಣದ ಮನೆ, ಬೇವಿನ ಕಟ್ಟೆ ಮನೆ, ಒರಳುಕಲ್ಲಿನ ಮನೆ. ಬಾಗಿಲ ಪಕ್ಕದಲ್ಲಿ ದೊಡ್ಡ ಒರಳುಕಲ್ಲು ಇರುವುದರಿಂದ ನಮ್ಮದು ಒರಳುಕಲ್ಲಿನ ಮನೆ. ಕಳೆದ ಮಳೆಗಾಲದಲ್ಲಿ ಗುರುಬಸಪ್ಪನವರು ಜ್ವರದಿಂದ ಮಲಗಿದಾಗ ಅವರ ಕಿರಿಯ ಮಗ ಮನೆಯ ತಂಬಿಗೆಯಿಂದ ಕುಡಿದು ಬಂದು ಅಪ್ಪನ ಪೀಠದಲ್ಲಿ ಕುಳಿತ. ಕೂರಬಹುದೇ ಎಂದು ಯಾರೋ ಕೇಳಿದರು. ಅವತ್ತೇ ಸಭೆ ಒಂದು ನಿಯಮ ಬರೆಯಿತು: ಪೀಠ ಮನೆಯದು; ಮನೆಯ ದನಿ ಯಾರಲ್ಲಿದೆಯೋ ಅವರು ಕೂರತಕ್ಕದ್ದು. ನನ್ನ ಗಂಡ ರಾತ್ರಿಯೂಟಕ್ಕೆ ಬಂದಾಗ ಇದನ್ನು ಹೇಳಿ ನಕ್ಕಿದ್ದರು. "ಒಬ್ಬ ಅಪ್ಪನ ಜ್ವರಕ್ಕಾಗಿ ಒಂದು ನಿಯಮ ನೋಡು!"

ಅವರು ಒಳ್ಳೆಯ ಮನುಷ್ಯ. ಇದನ್ನು ಬೇಕೆಂದೇ ಇಲ್ಲಿ ಹೇಳುತ್ತಿದ್ದೇನೆ. ದಿನವೂ ಬೆಳಗಿನ ಜಾವ ನಾನು ತಂಬಿಗೆ ತಂದುಕೊಟ್ಟಾಗ ಎರಡು ಕೈಯಲ್ಲಿ ತೆಗೆದುಕೊಂಡು ಕುಡಿಯುತ್ತಾರೆ. ರಾತ್ರಿಯೂಟವಾದ ಮೇಲೆ ದೀಪ ಆರಿಸುವವರೆಗೆ ನನಗೆ ಕೊಡುತ್ತಾರೆ. ಎಷ್ಟೋ ಮನೆಯಲ್ಲಿ ಅದೂ ಇಲ್ಲ. ಆದರೆ ದನಿಗೂ ದಣಿವಿದೆ. ಹಗಲೆಲ್ಲ ಮೂವತ್ತೆರಡು ಜನರ ಜೊತೆ ವಾದಿಸಿ ಬಂದ ದನಿ ನನ್ನ ಗಂಟಲಿಗೆ ಬರುವಾಗ ಸವೆದ ಪೊರಕೆಯ ಹಾಗಿರುತ್ತದೆ. ಅದರಲ್ಲಿ ನಾನು ನಾಳೆ ತರಕಾರಿ ಏನು ಅಂತ ಕೇಳುತ್ತೇನೆ. ನೀಲಿಗೆ ಒಂದು ಕತೆಯನ್ನು ಅರ್ಧ ಹೇಳುತ್ತೇನೆ. ಹಾಡಲು ಆಗುವುದಿಲ್ಲ.

ಆದರೂ ಅವರು ಅಂಗೈಯ ಸುತ್ತನ್ನು ಮರೆತಿರಲಿಲ್ಲ. ಸಂವಿಧಾನದ ಕರಡಿನಲ್ಲಿ ಹನ್ನೆರಡನೆಯ ವಿಧಿ ಅವರು ಬರೆದದ್ದು. ಹಾಲುಹಲ್ಲು ಬಿದ್ದ ಪ್ರತಿಯೊಬ್ಬರಿಗೂ, ಹೆಣ್ಣಾಗಲಿ ಗಂಡಾಗಲಿ, ಮನೆಯ ದನಿ ದಿನದಲ್ಲಿ ಒಂದು ಸರದಿ ಬರತಕ್ಕದ್ದು. ಹನ್ನೊಂದನೆಯದು ಎಲ್ಲರೂ ಕಣ್ಣಿಗೊತ್ತಿಕೊಂಡ ವಿಧಿ: ಯಾವ ದೊರೆಯೂ ಯಾವ ಸರ್ಕಾರವೂ ಯಾರ ಮನೆಯ ತಂಬಿಗೆಯನ್ನೂ ಮುಟ್ಟಕೂಡದು. ಊರಲ್ಲೆಲ್ಲ ಹನ್ನೊಂದರ ಮಾತೇ. ನಾನು ಮಾತ್ರ ನೀಲಿಯ ಬಾಯಿ ನೋಡುತ್ತಾ ಹನ್ನೆರಡಕ್ಕಾಗಿ ಕಾದಿದ್ದೆ. ಅದು ಜಾರಿಗೆ ಬಂದ ಮೇಲೆ ಹಲ್ಲು ಬೀಳಲಿ. ದಿನಕ್ಕೊಂದು ಹೊತ್ತಾದರೂ ಅವಳು ದೊಡ್ಡತಾಯಮ್ಮನಿಂದ ಕಲಿತ ಮುದುಕಿಯ ಮಾತನ್ನೆಲ್ಲ ಆಡಿಕೊಂಡಿರಲಿ.

ಅವತ್ತು ಹನ್ನೆರಡನೆಯ ವಿಧಿಯ ಓದು. ಉಜ್ಜಿದ ತಂಬಿಗೆಯನ್ನು ಗೂಡಿನಲ್ಲಿ ಬೋರಲು ಹಾಕಿ, ಅವರ ಬುತ್ತಿ ಕಟ್ಟಿಕೊಂಡು ಹೊರಟೆ. ಅತ್ತೆಯ ಹತ್ತಿರ ನೀಲಿಯನ್ನು ಬಿಟ್ಟೆ. ದೊಡ್ಡತಾಯಮ್ಮ ಆಗಲೇ ಬೀದಿಯಲ್ಲಿ ನಿಂತಿದ್ದರು. "ನಡಿ ಮಗ, ಜಾಗ ಸಿಕ್ಕಾಕಿಲ್ಲ. ನೆನ್ನೆ ನನ್ನ ಮಂಡಿ ಮ್ಯಾಲೆ ಯಾವಳೋ ಕುಂತಿದ್ಲು. ಎದ್ದೇಳವ್ವ ಅಂದ್ರೆ ದನಿಯಿಲ್ಲದೋಳು, ಕೇಳಿಸ್ದೇ ಇರೋಳ ಥರ ಮಾಡಿದ್ಲು. ಬಾಯಿಲ್ದಿದ್ರೂ ಕಿವಿ ಇರ್ತದಲ್ಲವಾ?" ದಾರಿಯುದ್ದಕ್ಕೂ ಮಾತಾಡಿಕೊಂಡೇ ಬಂದರು. ನಾನು ಅವರ ಸೆರಗು ಹಿಡಿದುಕೊಂಡು ನಡೆದೆ.

ಹೆಂಗಸರಿಗೆ ಕೂರಲು ಹುಲ್ಲಿನ ಅಟ್ಟ. ಆನೆಗೆ ಹಾಕುತ್ತಿದ್ದ ಹುಲ್ಲು ಒಟ್ಟುತ್ತಿದ್ದ ಜಾಗ. ಅವತ್ತು ಅಲ್ಲಿ ಅರವತ್ತು ಎಪ್ಪತ್ತು ಹೆಂಗಸರಿದ್ದರೇನೋ. ಒಂದು ಸದ್ದಿಲ್ಲ, ಬಳೆಗಳ ಸದ್ದು ಬಿಟ್ಟರೆ. ಕೆಳಗೆ ಅಧ್ಯಕ್ಷರಾದ ಹಳೆಯ ವೈದ್ಯರು ಕನ್ನಡಕ ಒರೆಸಿಕೊಂಡು ಹನ್ನೆರಡನೆಯ ವಿಧಿಯನ್ನು ನಿಧಾನವಾಗಿ ಓದಿದರು. ಗುರುಬಸಪ್ಪನವರು ಎದ್ದರು. "ಮನೆಯೊಳಗಿನ ತಂಬಿಗೆ ಮನೆಯವರಿಗೆ ಬಿಟ್ಟದ್ದು. ಅರಮನೆಯವನು ಹೊಸ್ತಿಲು ದಾಟಿ ಬಂದ ಅಂತ ತಾನೇ ನಾವು ಅವನನ್ನ ಓಡಿಸಿದ್ದು? ಈಗ ಈ ಪುಸ್ತಕ ನಮ್ಮ ಅಡುಗೆಮನೆಗೆ ಬರುತ್ತಂತೆ. ಇದು ಇರೋ ಹಾಗಿದ್ರೆ ನಾವು ಹನ್ನೊಂದು ಪೀಠದವರು ನಾಳೆ ಎದ್ದು ಹೋಗ್ತೀವಿ. ಉಳಿದೋರು ಬರ್ಕೊಳ್ಳಿ."

ಕೊಟ್ಟಿಗೆಯಲ್ಲಿ ಗುಸುಗುಸು ಎದ್ದಿತು. ಎಲ್ಲರೂ ನನ್ನ ಗಂಡನ ಕಡೆ ನೋಡಿದರು. ಅವರು ಎದ್ದು ನಿಂತು, ಅಂಗಿಯ ತೋಳನ್ನು ಮಡಚಿ ಬಿಚ್ಚಿದರು. ಕಷ್ಟದ ಮಾತು ಆಡುವ ಮೊದಲು ಅವರು ಹಾಗೆ ಮಾಡುತ್ತಾರೆ. "ಮೊದಲು ಗೋಡೆ ನಿಲ್ಲಲಿ. ಕಿಟಕಿ ಆಮೇಲೆ ಇಡೋಣ," ಅಂದರು. "ಹನ್ನೊಂದನೆಯ ವಿಧಿಗೆ ಏಟು ಬೀಳಬಾರದು. ಅದಕ್ಕಾಗಿ ಹನ್ನೆರಡನ್ನು ಸದ್ಯಕ್ಕೆ ಹಿಂದಕ್ಕೆ ತಗೋತೀನಿ."

ಅಟ್ಟದ ಮೇಲೆ ಬಳೆಗಳ ಸದ್ದೂ ನಿಂತಿತು. ದೊಡ್ಡತಾಯಮ್ಮ ತೊಲೆಯ ಮೇಲಿಂದ ಬಗ್ಗಿ, "ಕಿಟಕಿ ಇಡ್ದೆ ಕಟ್ಟಿದ ಗ್ವಾಡೇನ ಆಮ್ಯಾಲೆ ಒಡ್ಯೋರು ಯಾರಪ್ಪಾ ಮೇಷ್ಟ್ರೇ?" ಎಂದು ಕೂಗಿದರು. ಅಧ್ಯಕ್ಷರು ಗಂಟೆ ಬಾರಿಸಿ, "ಅಟ್ಟದವರು ಮಾತಾಡಬಾರದು," ಅಂದರು. "ಅಟ್ಟದಲ್ಲಿ ಮಾತಾಡೋಳು ನಾನೊಬ್ಳೇ ಇರೋದು ಸ್ವಾಮಿ, ಅದಕ್ಕೂ ಗಂಟೇನಾ?" ಕೆಳಗೆ ನಗು ಎದ್ದಿತು. ನನ್ನ ಗಂಡನೂ ನಕ್ಕರು. ಆಮೇಲೆ, ನಗುವಿನ ಬಿಸಿ ಆರುವ ಮೊದಲು, ಸಮಾಧಾನ ಮಾಡುವವರ ಹಾಗೆ ಹೇಳಿದರು: "ಇದು ನಾನೊಬ್ಬನೇ ತೀರ್ಮಾನ ಮಾಡಿದ್ದಲ್ಲ. ಮನೆಯಲ್ಲೂ ಕೇಳಿದ್ದೇನೆ. ಮನೆಯವರಿಗೂ ಒಪ್ಪಿಗೆಯಿದೆ."

ಯಾವಾಗ ಕೇಳಿದರು ಎಂದು ಹುಲ್ಲಿನ ಮೇಲೆ ಕುಳಿತು ನೆನೆದೆ. ಮೊನ್ನೆ ರಾತ್ರಿಯೂಟದಲ್ಲಿ. ಎಡಗೈಯಲ್ಲಿ ಕಾಗದ ಹಿಡಿದುಕೊಂಡು, ಬಲಗೈಯಲ್ಲಿ ಮುದ್ದೆ ಮುರಿಯುತ್ತಾ ಏನೋ ಓದಿಹೇಳಿದರು. ಗುರುಬಸಪ್ಪ ಹಟ ಹಿಡಿದರೆ ಬಿಟ್ಟುಕೊಡಬೇಕಾದೀತು, ಏನಂತೀಯಾ, ಅಂದರು. ತಂಬಿಗೆ ಅವರ ಮಗ್ಗುಲಲ್ಲೇ ಇತ್ತು. ದನಿ ಅವರಲ್ಲೇ ಇತ್ತು. ಅವರು ಕಾಗದದಿಂದ ಕಣ್ಣು ಎತ್ತಲಿಲ್ಲ. ಎತ್ತಿದ್ದರೆ ನನ್ನ ಎಡಹುಬ್ಬು ಕಾಣುತ್ತಿತ್ತು. ಸ್ವಲ್ಪ ಹೊತ್ತು ಕಾದು, "ಸರಿ ಹಾಗಾದ್ರೆ," ಅಂದುಕೊಂಡು ಕಾಗದದ ಅಂಚಿನಲ್ಲಿ ಏನೋ ಗುರುತು ಮಾಡಿದರು. ನಾನು ಅವರ ತಟ್ಟೆಗೆ ಸಾರು ಬಡಿಸಿದೆ. ಮೂರು ವರ್ಷದ ಹಿಂದೆ, ಇಬ್ಬರಿಗೂ ದನಿಯಿಲ್ಲದಿದ್ದಾಗ, ಅವರು ಹೀಗೆ ಕೇಳುತ್ತಿರಲಿಲ್ಲ. ನನ್ನ ಮುಖ ನೋಡದೆ ಅವರಿಗೆ ಯಾವ ಉತ್ತರವೂ ಸಿಗುತ್ತಿರಲಿಲ್ಲ.

ಅಧ್ಯಕ್ಷರು ಪುಸ್ತಕ ನೋಡಿ, ಕ್ರಮ ಹೇಳಿದರು. "ಒರಳುಕಲ್ಲಿನ ಮನೆಯ ದನಿ ಹನ್ನೆರಡನೆಯ ವಿಧಿಯನ್ನು ಹಿಂತೆಗೆದುಕೊಂಡಿದೆ. ನಾಳೆ ಬೆಳಗ್ಗೆ ಕೊನೆಯ ಓದು. ಹಿಂದಕ್ಕೆ ತೆಗೆದ ವಿಧಿಯನ್ನು ತಂದ ಮನೆಯ ದನಿಯೇ ಕೊನೆಯ ಓದಿನೊಳಗೆ ಮತ್ತೆ ಕೇಳಿದರೆ ಮತಕ್ಕೆ ಹಾಕತಕ್ಕದ್ದು. ಕೇಳದಿದ್ದರೆ ಬಿದ್ದುಹೋದ ಹಾಗೆ." ಇದನ್ನು ಅವರು ಹಿಂದಕ್ಕೆ ತೆಗೆದ ಪ್ರತಿಯೊಂದು ವಿಧಿಗೂ ಹೇಳುತ್ತಿದ್ದರು, ಯಾರೂ ಕಿವಿಗೊಡಲಿಲ್ಲ.

ವಾಪಸು ಬರುವಾಗ ದೊಡ್ಡತಾಯಮ್ಮ ದಾರಿಯಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು, "ನಿನ್ನ ಗಂಡ ಕೆಟ್ಟೋನಲ್ಲ ಕಣವ್ವ. ಎದ್ದು ಹೋಗ್ತಾರೆ ಅಂತ ಹೆದರ್ಕೊಂಡವ್ನೆ. ಹೋಗ್ಲಿ ಬುಡು, ಆ ಹನ್ನೊಂದು ಜನ ಎದ್ದು ಎಲ್ಲಿಗೋಗ್ತಾರೆ? ಮನೇಗೆ ತಾನೇ? ಅಲ್ಲಿ ಅವ್ರ ಹೆಂಡ್ರು ಕುಂತವ್ರೆ. ಇವತ್ತು ಅಟ್ಟದ ಮ್ಯಾಲೆ ಕುಂತು ಎಲ್ಲಾನೂ ಕೇಳಿಸ್ಕೊಂಡೋರು." ಮುಂದೆ ಹೋಗಿ ಮತ್ತೆ ನಿಂತರು. "ನಮ್ಮೆಜಮಾನ್ರು ಇದ್ದಾಗ ಇಪ್ಪತ್ತೆರಡು ವರ್ಷದಲ್ಲಿ ಮೂರು ಸಲ ತಂಬಿಗೆ ಕೊಟ್ಟಿದ್ರು ನಂಗೆ. ಎರಡು ಹೆರಿಗೇಲಿ, ಕೂಗ್ಕೊಳ್ಳೋಕೆ. ಇನ್ನೊಂದು ಅವ್ರು ಸಾಯೋವಾಗ. ಜನ ಕರಿಯೋಕೆ ಯಾರಾದ್ರೂ ಬೇಕಿತ್ತಲ್ಲ." ಇಷ್ಟು ಹೇಳಿ ತಾವೇ ನಕ್ಕು, "ಅದುಕ್ಕೇ ಈಗ ಬಾಯಿ ಮುಚ್ಚಾಕಿಲ್ಲ ನಾನು. ಹಳೇದೆಲ್ಲ ತೀರಿಸ್ಬೇಕಲ್ಲ," ಅಂದರು.

ಸಂಜೆ ನನ್ನ ಗಂಡ ಬೇಗ ಬಂದರು. ನಾಳೆ ಎಲ್ಲ ಮುಗಿಯುತ್ತದೆ ಎಂಬ ಹಗುರ ಅವರ ನಡಿಗೆಯಲ್ಲಿತ್ತು. ನೀಲಿಗೆ ಕಡಲೆಮಿಠಾಯಿ ತಂದಿದ್ದರು. ಅವಳು ಬಲಗಡೆಯ ಹಲ್ಲಿನಿಂದ ಹುಷಾರಾಗಿ ಕಚ್ಚುತ್ತಾ, "ಅಪ್ಪಯ್ಯಾ, ನನ್ ಹಲ್ಲು ಬಿದ್ಮೇಲೆ ನಂಗೂ ಸರದಿ ಕೊಡ್ತೀಯಲ್ಲ? ದೊಡ್ಡತಾಯಜ್ಜಿ ಪುಸ್ತಕದಲ್ಲಿ ಬರ್ದವ್ರೆ ಅಂದಿದ್ಲು," ಅಂದಳು. ಅವರು ಅವಳ ತಲೆ ಸವರಿದರು. "ಕೊಡೋಣ ಪುಟ್ಟಾ, ಕೊಡೋಣ. ದೊಡ್ಡವಳಾಗು." ಒಳಕೋಣೆಯಲ್ಲಿ ಅತ್ತೆಯ ಒರಳು ಒಂದೇ ಒಂದು ಸಲ ಕುಟ್ಟಿತು. ನೀರು ಕೊಂಡೊಯ್ದರೆ ಅವರಿಗೆ ನೀರು ಬೇಕಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದರು. ಅವರ ಬಾಯಲ್ಲಿ ದನಿ ಕೇಳಿ ಎಷ್ಟು ವರ್ಷವಾಯಿತೋ ನನಗೆ ನೆನಪಿಲ್ಲ.

ಊಟವಾದ ಮೇಲೆ ನನ್ನ ಗಂಡ ಎಂದಿನ ಹಾಗೆ ತಂಬಿಗೆಯನ್ನು ನನ್ನ ಕಡೆ ಸರಿಸಿದರು. ಕುಡಿದೆ. ದನಿ ಎಂದಿಗಿಂತ ಹೆಚ್ಚು ಒಡೆದಿತ್ತು. "ಮನೇಲಿ ಕೇಳಿದ್ದೀನಿ ಅಂದ್ರಲ್ಲ ಸಭೇಲಿ," ಅಂದೆ. "ನಾನು ಏನಂದೆ?"

ಅವರು ಬೆಚ್ಚಿದರು. ನಾನು ಅಟ್ಟದಲ್ಲಿದ್ದದ್ದು ಅವರಿಗೆ ಗೊತ್ತಿತ್ತು. ಅದನ್ನು ನೆನೆದೇ ಇರಲಿಲ್ಲವೆಂದು ಕಾಣುತ್ತದೆ. ಉತ್ತರ ಕೊಡಲು ಬಾಯಿ ತೆರೆದರು, ದನಿ ನನ್ನಲ್ಲಿತ್ತು. ಆಗ ಬಲಗೈ ಎತ್ತಿದರು. ಹಿಂದಿನ ಹಾಗೆ ಬೆರಳುಗಳಲ್ಲಿ ಹೇಳಲು ಹೊರಟರು. ಹೆಬ್ಬೆರಳು ತೋರುಬೆರಳಿಗೆ ತಾಕಿತು, ಬಿಟ್ಟಿತು, ಮತ್ತೆ ತಾಕಿತು. ಅಷ್ಟೇ. ಯಾವುದೋ ಸಾಮಾನು ತರಲು ಒಳಗೆ ಹೋಗಿ ಏನೆಂದು ಮರೆತು ನಿಂತವರ ಹಾಗೆ ಆ ಕೈ ಗಾಳಿಯಲ್ಲಿ ನಿಂತಿತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸಿತು. ಅವರಿಗೂ ಅನ್ನಿಸಿರಬೇಕು, ಕಣ್ಣು ಕೆಂಪಾಗಿತ್ತು. ಆಮೇಲೆ ಕೈ ಕೆಳಗಿಳಿದು ತಂಬಿಗೆ ತೆಗೆದುಕೊಂಡಿತು. ಒಂದು ಗುಟುಕು ಕುಡಿದರು.

"ತಪ್ಪಾಯ್ತು ದೇವೀ. ಕೇಳೋ ರೀತಿ ಕೇಳಲಿಲ್ಲ," ಅಂದರು. "ಆದರೆ ನೀನೇ ಯೋಚನೆ ಮಾಡು. ಹನ್ನೊಂದು ಪೀಠ ಎದ್ದು ಹೋದ್ರೆ ಮತಕ್ಕೆ ಬೇಕಾದಷ್ಟು ಪೀಠ ಉಳಿಯಲ್ಲ, ಹನ್ನೊಂದನೇ ವಿಧಿ ಬೀಳುತ್ತೆ. ದೊರೆಯ ಕಡೆಯವರು ಗಡೀಲಿ ಕಾಯ್ತಾ ಕೂತಿದ್ದಾರೆ. ಮತ್ತೆ ಆಳುಗಳು ಬಂದು ತಂಬಿಗೆ ಎತ್ಕೊಂಡು ಹೋಗೋ ದಿನ ನೋಡೋಕಾಗುತ್ತಾ ನಮ್ಮ ಕೈಲಿ? ಹತ್ತು ವರ್ಷಕ್ಕೆ ತಿದ್ದುಪಡಿ ತರಬಹುದು ಅಂತ ಪುಸ್ತಕದಲ್ಲೇ ಇದೆ. ನಾನೇ ತರ್ತೀನಿ. ನೀಲಿಗೆ ಆಗ ಹದಿನಾರು." ಇನ್ನೂ ತುಂಬ ಹೇಳಿದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಒಂದೊಂದಕ್ಕೂ ನನ್ನಲ್ಲಿ ಒಂದೊಂದು ಉತ್ತರವಿತ್ತು. ಹತ್ತು ವರ್ಷ ಬಾಯಿ ಕಟ್ಟಿದ ಹುಡುಗಿ ಹದಿನಾರಕ್ಕೆ ಏನು ಮಾತಾಡುತ್ತಾಳೆ ಎಂದು ಕೇಳಬೇಕಿತ್ತು. ಎದ್ದು ಹೋದವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಬೇಕಿತ್ತು. ದನಿ ಅವರಲ್ಲಿತ್ತು. ಮಾತು ಮುಗಿಸಿ, ಮನಸ್ಸು ಹಗುರವಾದವರ ಹಾಗೆ ಉಸಿರು ಬಿಟ್ಟು, ತಂಬಿಗೆಯನ್ನು ಮತ್ತೆ ನನ್ನ ಮುಂದಿಟ್ಟರು. "ಈಗ ಹೇಳು. ಏನಿದ್ರೂ ಹೇಳು. ಕೇಳ್ತೀನಿ," ಅಂದರು. ಈ ಸಲ ಕಾಗದ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ಕುಡಿದೆ. ಹೇಳಬಹುದಿತ್ತು. ಆದರೆ ಹೇಳಿದರೆ ಅವರು ಮತ್ತೆ ತಂಬಿಗೆಗೆ ಕೈ ಹಾಕುತ್ತಾರೆ. ಒಳ್ಳೆಯ ಮಾತಿನಲ್ಲೇ, ನನ್ನ ಮೇಲಿನ ಅಕ್ಕರೆಯಲ್ಲೇ, ನನ್ನನ್ನು ಒಪ್ಪಿಸುತ್ತಾರೆ. ಉಳಿದಷ್ಟು ದನಿಯನ್ನು ಅದಕ್ಕೆ ಸವೆಸಿಬಿಟ್ಟರೆ ಬೆಳಿಗ್ಗೆಗೆ ಏನು ಉಳಿಯುತ್ತದೆ? "ನಾಳೆ ಸಭೆ ಎಷ್ಟು ಹೊತ್ತಿಗೆ?" ಎಂದಷ್ಟೇ ಕೇಳಿದೆ. ಅವರು ಬೆರಳುಗಳಲ್ಲಿ ಎಂಟು ತೋರಿಸಿದರು. ಸಂಖ್ಯೆ ಮರೆತಿರಲಿಲ್ಲ. "ಬಿಳೀ ಅಂಗಿ ಮಡಚಿಟ್ಟಿದ್ದೀನಿ," ಅಂದೆ. ಅವರು ನಕ್ಕು ತಲೆಯಾಡಿಸಿ, ದಿಂಬು ತೆಗೆದುಕೊಂಡು ಜಗಲಿಗೆ ಹೋದರು. ಹೋಗುವ ಮುಂಚೆ ಎಂದಿನಂತೆ ತಂಬಿಗೆಯಿಂದ ಕಡೆಯ ಗುಟುಕು ಅವರದೇ.

ನೀಲಿಯನ್ನು ಮಲಗಿಸಲು ಹೋದಾಗ ಅವಳು ಬಾಯಿ ತೆರೆದು ತೋರಿಸಿದಳು. ಹಲ್ಲು ಒಂದು ಎಳೆಯಲ್ಲಿ ನಿಂತಿತ್ತು. "ನಾಳೆ ಬಿದ್ದೋದ್ರೆ, ನಾನು ಹೇಳೋದು ಇನ್ನೂ ಬಾಳ ಐತೆ ಅವ್ವಾ," ಅಂದಳು, ಮುದುಕಿಯ ಹಾಗೆ ಗಲ್ಲಕ್ಕೆ ಕೈಯಿಟ್ಟುಕೊಂಡು. ಅವಳ ಅಂಗೈ ತೆಗೆದುಕೊಂಡೆ. ಅದರಲ್ಲಿ ಒಂದು ತಂಬಿಗೆ ಬರೆದೆ, ಸುತ್ತ ನಾಲ್ಕು ಚುಕ್ಕಿ ಇಟ್ಟೆ, ಚುಕ್ಕಿಗಳನ್ನು ಸೇರಿಸಿ ಒಂದು ಸುತ್ತು ಎಳೆದೆ. ಅವಳಿಗೆ ಕಚಗುಳಿಯಾಯಿತು. ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವಾಗಿತ್ತು.

ಅಡುಗೆಮನೆಗೆ ಬಂದು ತಂಬಿಗೆಯನ್ನು ಇನ್ನೊಮ್ಮೆ ತೊಳೆದೆ. ಒಂದು ಮನೆಯ ತಂಬಿಗೆಯನ್ನು ಹೊರಗಿನವನು ಎತ್ತಿಕೊಂಡು ಹೋದದ್ದಕ್ಕೂ, ಒಳಗಿನವಳು ಒಂದು ಬೆಳಿಗ್ಗೆ ಮೊದಲು ಕುಡಿದು ಅದನ್ನು ಜೊತೆಗೇ ಸಭೆಗೆ ಒಯ್ದದ್ದಕ್ಕೂ ವ್ಯತ್ಯಾಸವಿದೆಯೇ ಎಂದು ಕೇಳಿಕೊಂಡೆ. ಎದ್ದ ಕೂಡಲೇ ಅವರ ಬಾಯಿ ತೆರೆದು ಮುಚ್ಚಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಮೂರು ವರ್ಷದ ದುಡಿಮೆಯ ಕೊನೆಯ ದಿನ ಅದು. ಆದರೂ ಅವರ ಹನ್ನೊಂದನೆಯ ವಿಧಿಗೆ ನಾನು ಹೌದು ಅನ್ನುತ್ತೇನೆ, ಅವರಿಗಿಂತ ಗಟ್ಟಿಯಾಗಿ. 'ಒರಳುಕಲ್ಲಿನ ಮನೆ ಹನ್ನೆರಡನ್ನು ಮತ್ತೆ ಕೇಳುತ್ತದೆ' ಎಂಬ ಒಂದು ಮಾತು ಹೆಚ್ಚಿಗೆ, ಅಷ್ಟೆ. ಅವರು ಬರೆದದ್ದೇ ಅದು. ಗೆಲ್ಲುತ್ತದೋ ಬೀಳುತ್ತದೋ ನನಗೆ ಗೊತ್ತಿಲ್ಲ. ಪೀಠದ ಚೀಟಿಯ ಮೇಲೆ ಅವರ ಹೆಸರಿಲ್ಲ, ಮನೆಯ ಹೆಸರಿದೆ. ಕೂರುವುದು ಯಾರೆಂಬ ನಿಯಮವನ್ನು ಗುರುಬಸಪ್ಪನವರ ಮಗನಿಗಾಗಿ ಆಗಲೇ ಬರೆದಾಗಿದೆ. ಸಂಜೆಯವರೆಗೆ ಸವೆಯದ ಬೆಳಗಿನ ದನಿ ನನ್ನ ಗಂಟಲಲ್ಲಿ ಹೇಗಿರುತ್ತದೆಂದು ಯೋಚಿಸಿದೆ. ಊಹೆಗೆ ಸಿಗಲಿಲ್ಲ.

ತಂಬಿಗೆಗೆ ಹೊಸ ನೀರು ತುಂಬಿಸಿ, ಮುಚ್ಚಳ ಮುಚ್ಚಿ, ಎಂದಿನ ಗೂಡಿನಲ್ಲಿ ಎಂದಿನ ಹಾಗೇ ಇಟ್ಟೆ. ಬಚ್ಚಿಡಬೇಕಾಗಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನಾನೇ.